ನೆಲದಲ್ಲಿ ಹೂತ ಮ್ಯಾಗ್ನೆಟೋಮೀಟರ್: ಗೆರೆ ಏರಿಸಿದ್ದು ಭೂಮಿಯೋ, ಪೆಟ್ಟಿಗೆಯೋ?

ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವುದು ದೊಡ್ಡ ಕೆಲಸ ಅಲ್ಲ. ಫೋನಿನೊಳಗಿನ ದಿಕ್ಸೂಚಿ ದಿನಾ ಅದನ್ನೇ ಮಾಡುತ್ತದೆ. ಅದು ದಿನವಿಡೀ ಎಷ್ಟು ಅಲುಗಾಡುತ್ತದೆ ಅಂತ ನೋಡಲು ಹೊರಟಾಗ ಕಷ್ಟ ಶುರುವಾಗುತ್ತದೆ. ಒಟ್ಟು ಕ್ಷೇತ್ರ ಜಾಗಕ್ಕೆ ತಕ್ಕಂತೆ ಸುಮಾರು 25,000ದಿಂದ 65,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ). ಶಾಂತ ದಿನದ ಏರಿಳಿತ ಬರೀ ಕೆಲವು ಹತ್ತು ನ್ಯಾನೊಟೆಸ್ಲಾ. ಸಾವಿರದಲ್ಲಿ ಒಂದು ಪಾಲು ಅಂದುಕೊಳ್ಳಿ. ನನಗೆ ಬೇಕಾಗಿದ್ದದ್ದು ಆ ಒಂದು ಪಾಲು. ಅದಕ್ಕೇ ಒಂದು ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಪೆಟ್ಟಿಗೆ, ಮಾಡಿ ನೆಲದಲ್ಲಿ ಹೂತೆ.

ಎಲೆಕ್ಟ್ರಾನಿಕ್ಸ್ ಬೇಗ ಮುಗಿಯಿತು. ಮಿಕ್ಕ ಸಮಯವೆಲ್ಲ ಒಂದೇ ಪ್ರಶ್ನೆಗೆ ಹೋಯಿತು. ಗ್ರಾಫ್‌ನಲ್ಲಿ ಗೆರೆ ಏರಿತು, ಸರಿ. ಏರಿಸಿದ್ದು ಯಾರು?

ಸೆನ್ಸರ್

ಇದಕ್ಕೂ ಮುಂಚೆ ಗಾಜಿನ ಜಾಡಿಯ ಮ್ಯಾಗ್ನೆಟೋಮೀಟರ್ ಒಂದನ್ನು ಮಾಡಿದ್ದೆ. ಸಣ್ಣ ಸರಳು ಅಯಸ್ಕಾಂತವನ್ನು ತೆಳು ದಾರದಲ್ಲಿ ಜಾಡಿಯೊಳಗೆ ತೂಗುಬಿಡುವುದು, ಅದಕ್ಕೆ ಕನ್ನಡಿಯ ಚೂರು ಅಂಟಿಸುವುದು, ಲೇಸರ್ ಚುಕ್ಕಿಯನ್ನು ಅದರಿಂದ ಗೋಡೆಗೆ ಬೀಳಿಸುವುದು. 1830ರ ದಶಕದಲ್ಲಿ ಗಾಟಿಂಗನ್‌ನಲ್ಲಿ ವಿಜ್ಞಾನಿಗಳಾದ ಗೌಸ್ ಮತ್ತು ವೆಬರ್ ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಅವರ ಹತ್ತಿರ ಲೇಸರ್ ಇರಲಿಲ್ಲ. ಕನ್ನಡಿಯಲ್ಲಿ ಕಾಣುವ ಅಳತೆಪಟ್ಟಿಯನ್ನು ದೂರದರ್ಶಕದಿಂದ ಓದುತ್ತಿದ್ದರು.

ಲೆಕ್ಕ ಸುಲಭ. ಅಡ್ಡ ಕ್ಷೇತ್ರ (ನೆಲಕ್ಕೆ ಸಮಾನಾಂತರವಾದ ಭಾಗ) 40,000 ಇರುವ ಕಡೆ ಪೂರ್ವದತ್ತ 40 ನ್ಯಾನೊಟೆಸ್ಲಾ ಸೇರಿದರೆ ಅಯಸ್ಕಾಂತ 0.001 ರೇಡಿಯನ್ ತಿರುಗುತ್ತದೆ. ಕನ್ನಡಿ ಅದನ್ನು ಇಮ್ಮಡಿ ಮಾಡುತ್ತದೆ. ಎರಡು ಮೀಟರ್ ಆಚೆಯ ಗೋಡೆಯಲ್ಲಿ ಚುಕ್ಕಿ 4 ಮಿಲಿಮೀಟರ್ ಸರಿಯುತ್ತದೆ. ಬರಿಗಣ್ಣಿಗೆ ಕಾಣುತ್ತದೆ! ಆದರೆ ಜಾಡಿ ತೋರಿಸುವುದು ದಿಕ್ಕಿನ ಬದಲಾವಣೆಯನ್ನು ಮಾತ್ರ. ಬಲ ಹೆಚ್ಚಾಯಿತೋ ಕಡಿಮೆಯಾಯಿತೋ ಅದಕ್ಕೆ ಗೊತ್ತಾಗುವುದಿಲ್ಲ. ದಾರ ಹುರಿಬಿಚ್ಚಿಕೊಂಡರೂ ಚುಕ್ಕಿ ಸರಿಯುತ್ತದೆ. ಆದರೂ ಹೊಸಬರು ಇದನ್ನೊಮ್ಮೆ ಮಾಡಿ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಸ್ಕ್ರೀನ್ ಮೇಲಿನ ಅಂಕಿಗಿಂತ ಗೋಡೆ ಮೇಲೆ ತೆವಳುವ ಚುಕ್ಕಿ ಬೇಗ ನಂಬಿಕೆ ಹುಟ್ಟಿಸುತ್ತದೆ.

ಪೆಟ್ಟಿಗೆಗೆ ಆರಿಸಿಕೊಂಡದ್ದು ಆರ್‌ಎಂ3100 ಅನ್ನುವ ಕಾಂತ ಸೆನ್ಸರ್. ದಿಕ್ಸೂಚಿಗೆ ಅಂತ ಸಿಗುವ ಸಣ್ಣ ಚಿಪ್‌ಗಳ ಗದ್ದಲವೇ (ಕ್ಷೇತ್ರ ಬದಲಾಗದಿದ್ದರೂ ಅಂಕಿ ಅಲ್ಲಾಡುವುದು) 200 ನ್ಯಾನೊಟೆಸ್ಲಾ ಆಸುಪಾಸು ಇರುತ್ತದೆ. ಅದರಲ್ಲಿ 40ರ ಏರಿಳಿತ ಮುಳುಗಿಯೇ ಹೋಗುತ್ತದೆ. ಫ್ಲಕ್ಸ್‌ಗೇಟ್ ಅನ್ನುವ ಇನ್ನೊಂದು ಬಗೆಯ ಕಾಂತ ಸೆನ್ಸರ್ ಆರ್‌ಎಂ3100ಕ್ಕಿಂತ ಒಳ್ಳೆಯದು. ವೀಕ್ಷಣಾಲಯಗಳಲ್ಲಿ ಏರಿಳಿತ ದಾಖಲಿಸಲು ಇವತ್ತಿಗೂ ಅದೇ. ಆದರೆ ಒಳ್ಳೆಯ ಫ್ಲಕ್ಸ್‌ಗೇಟ್ ಮಾಡುವುದು ಬೇರೆಯದೇ ಸಾಹಸ.

ಆರ್‌ಎಂ3100 ಕೆಲಸ ಮಾಡುವ ರೀತಿ ಚೆನ್ನಾಗಿದೆ. ಪ್ರತಿ ಅಕ್ಷಕ್ಕೂ ಒಂದು ಪುಟ್ಟ ಕಾಯಿಲ್. ಅದು ಒಂದು ಆಸಿಲೇಟರಿನ ಭಾಗ. ಕರೆಂಟನ್ನು ಒಂದು ದಿಕ್ಕಿಗೆ ಹರಿಸಿ ಇಷ್ಟು ಸುತ್ತು ಮುಗಿಯಲು ಎಷ್ಟು ಹೊತ್ತು ಬೇಕಾಯಿತು ಅಂತ ಎಣಿಸುತ್ತದೆ. ಆಮೇಲೆ ಉಲ್ಟಾ ದಿಕ್ಕಿಗೆ ಹರಿಸಿ ಮತ್ತೆ ಎಣಿಸುತ್ತದೆ. ಹೊರಗೆ ಕ್ಷೇತ್ರ ಇಲ್ಲದಿದ್ದರೆ ಎರಡೂ ಸಮ. ಇದ್ದರೆ ವ್ಯತ್ಯಾಸ ಬರುತ್ತದೆ, ಆ ವ್ಯತ್ಯಾಸವೇ ಅಳತೆ. ಕಳೆಯುವುದರಿಂದ ಉಷ್ಣತೆಯ ಪರಿಣಾಮವೂ ಬಹುಪಾಲು ಕಳೆದುಹೋಗುತ್ತದೆ. ಬಹುಪಾಲು ಅಷ್ಟೇ, ಪೂರ್ತಿ ಅಲ್ಲ. ಮುಂದೆ ಇದೇ ದೊಡ್ಡ ತಲೆನೋವಾಯಿತು.

ಜೋಡಿಸಿದ ಮೇಲೆ ಮೊದಲು ಹೆಕ್ಸ್ (16ರ ಮೂಲದ ಎಣಿಕೆ) 36 ರಿಜಿಸ್ಟರ್, ಅಂದರೆ ಚಿಪ್ಪಿನೊಳಗೆ ಸಂಖ್ಯೆ ಇಡುವ ಗೂಡು, ಓದಿ. ಹೆಕ್ಸ್ 22 ಬಂದರೆ ಚಿಪ್ ಮಾತಾಡುತ್ತಿದೆ. ಅಳತೆ ಹೆಕ್ಸ್ 24ರಿಂದ ಶುರು. ಅಕ್ಷಕ್ಕೆ ಮೂರು ಬೈಟ್‌ನಂತೆ ಒಟ್ಟು ಒಂಬತ್ತು. 24 ಬಿಟ್ ಸಂಖ್ಯೆಯ ಚಿಹ್ನೆಯನ್ನು 32 ಬಿಟ್‌ಗೆ ಸರಿಯಾಗಿ ಹಿಗ್ಗಿಸಿಕೊಳ್ಳಿ. ಇಲ್ಲದಿದ್ದರೆ ಋಣ ಸಂಖ್ಯೆಗಳೆಲ್ಲ ಕೋಟಿ ದಾಟಿ ಕೂರುತ್ತವೆ. ಸೈಕಲ್ ಕೌಂಟ್ (ಎಷ್ಟು ಸುತ್ತು ಎಣಿಸಬೇಕು ಅನ್ನುವ ಸಂಖ್ಯೆ) 200ಕ್ಕೆ ಬಿಟ್ಟರೆ ಒಂದು ಎಣಿಕೆಗೆ ಸುಮಾರು 13 ನ್ಯಾನೊಟೆಸ್ಲಾ. ಒಂದು ಓದಿನ ಗದ್ದಲವೂ ಹೆಚ್ಚುಕಮ್ಮಿ ಅಷ್ಟೇ, 15ರ ಹತ್ತಿರ.

13 ಅಂದರೆ ಒರಟಾಯಿತು, ಅಲ್ವಾ? ಹೌದು, ಆದರೆ ಗದ್ದಲ ಇಲ್ಲಿ ಉಪಕಾರಕ್ಕೇ ಬರುತ್ತದೆ. ಅಳತೆ ಎರಡು ಎಣಿಕೆಗಳ ನಡುವೆ ಅತ್ತಿಂದಿತ್ತ ನೆಗೆಯುತ್ತಿರುತ್ತದೆ, ಹಾಗಾಗಿ ಸರಾಸರಿ ನಡುವಿನ ಬೆಲೆಯನ್ನು ಹಿಡಿಯುತ್ತದೆ. ಸೆಕೆಂಡಿಗೆ 10 ಸಲ ಓದಿ ನಿಮಿಷಕ್ಕೆ ಒಂದು ಸರಾಸರಿ ತೆಗೆದರೆ 600 ಓದು. ಅದರ ವರ್ಗಮೂಲ ಸುಮಾರು 24. ಕಾಗದದ ಮೇಲೆ ಗದ್ದಲ 0.6 ನ್ಯಾನೊಟೆಸ್ಲಾಗೆ ಇಳಿಯುತ್ತದೆ. ನಿಜದಲ್ಲಿ ಅಷ್ಟು ಇಳಿಯುವುದಿಲ್ಲ, ನಿಧಾನವಾಗಿ ತೇಲುವ ಗದ್ದಲಕ್ಕೆ ಸರಾಸರಿಯ ಮದ್ದು ನಾಟುವುದಿಲ್ಲ. ಆದರೂ ಒಂದೆರಡು ನ್ಯಾನೊಟೆಸ್ಲಾಗೆ ಬಂದು ನಿಲ್ಲುತ್ತದೆ. ಈ ಕೆಲಸಕ್ಕೆ ಧಾರಾಳವಾಯಿತು.

ಕಬ್ಬಿಣ ಹುಡುಕುವುದು

ಈ ಭಾಗದಲ್ಲಿ ಅವಸರ ಮಾಡಬೇಡಿ. ಸೆನ್ಸರನ್ನು ಮರದ ಮೇಜಿನ ಮೇಲೆ ಅಲುಗದಂತೆ ಕೂರಿಸಿದೆ. ಮೂರೂ ಅಕ್ಷಗಳ ಅಂಕಿ ಸ್ಕ್ರೀನ್ ಮೇಲೆ ಓಡುತ್ತಿತ್ತು. ಪೆಟ್ಟಿಗೆಗೆ ಹೋಗಬೇಕಾದ ಒಂದೊಂದು ಸಾಮಾನನ್ನೂ ಚಿಮುಟದಲ್ಲಿ ಹಿಡಿದು ದೂರದಿಂದ ಹತ್ತಿರಕ್ಕೆ ತಂದು, ತಿರುಗಿಸಿ, ಹಿಂದಕ್ಕೆ ಒಯ್ದೆ. ಚಿಮುಟ ಪ್ಲಾಸ್ಟಿಕ್‌ನದ್ದು.

ಹಿತ್ತಾಳೆ ಸ್ಕ್ರೂ ಸೆನ್ಸರಿಗೆ ತಾಗುವಷ್ಟು ಬಂದರೂ ಅಂಕಿ ಕದಲಲಿಲ್ಲ. ನೈಲಾನ್ ಸ್ಕ್ರೂನದ್ದು ಹೇಳುವುದೇ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮಜಾ ತೋರಿಸಿತು. ಅಯಸ್ಕಾಂತ ಹಿಡಿಯುವುದಿಲ್ಲ ಅಂತ ಹೆಸರಾದ ಜಾತಿ ಅದು. ಅದರ ಬೋಳು ಕಾಂಡವನ್ನು ಹತ್ತಿರ ತಂದರೆ ತಕರಾರಿಲ್ಲ. ಮರೆಯ (ಸ್ಕ್ರೂ ಮೇಲಿನ ಸುರುಳಿ ಗೆರೆಯ) ಕಡೆ ತಿರುಗಿಸಿದರೆ ಅಂಕಿ ಜಿಗಿಯಿತು. ತಣ್ಣಗಿರುವಾಗಲೇ ಒತ್ತಿ ಮರೆ ಮೂಡಿಸುವಾಗ ಆ ಉಕ್ಕಿನ ಒಳರಚನೆ ಅಲ್ಲಲ್ಲಿ ಬದಲಾಗಿ ಕಾಂತಗುಣ ಬಂದುಬಿಡುತ್ತದೆ. ಒಂದೇ ಸ್ಕ್ರೂ, ಒಂದು ತುದಿ ಸಾಧು, ಇನ್ನೊಂದು ತುದಿ ತಂಟೆ.

ರೆಸಿಸ್ಟರ್‌ಗಳ ಎರಡೂ ತುದಿಯ ಟೋಪಿ ಸಾಮಾನ್ಯವಾಗಿ ಉಕ್ಕಿನದ್ದು. ಪಿನ್‌ಗಳ ಹೊಳಪಿನ ಕೆಳಗೆ ನಿಕಲ್ ಲೇಪ. ಯುಎಸ್‌ಬಿ ಸಾಕೆಟ್ಟಿನ ಕವಚ ಉಕ್ಕು. ಲಿಥಿಯಂ ಸೆಲ್‌ನ ಡಬ್ಬಿಯೂ ಉಕ್ಕೇ. ಹಾಗಾಗಿ ಸೆನ್ಸರ್ ಬೋರ್ಡ್ ಪಕ್ಕ ಏನನ್ನೂ ಇಡಲಿಲ್ಲ. ಪಿನ್ ಪಟ್ಟಿಯನ್ನೂ ಕಿತ್ತು ತಾಮ್ರದ ವೈರನ್ನು ನೇರವಾಗಿ ಬೋರ್ಡಿಗೇ ಸೋಲ್ಡರ್ ಮಾಡಿದೆ. ಉಷ್ಣತೆ ಅಳೆಯಲು ಹಾಕಿದ ಡಿಎಸ್18ಬಿ20 ಚಿಪ್ ಒಂದು ಗೇಣು ದೂರದಲ್ಲಿದೆ.

ಆಮೇಲೆ ಕರೆಂಟು. ನೇರ ವೈರಿನಲ್ಲಿ 100 ಮಿಲಿಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 20 ನ್ಯಾನೊಟೆಸ್ಲಾ ಹುಟ್ಟುತ್ತದೆ. ನಾವು ಹುಡುಕುತ್ತಿರುವುದರ ಅರ್ಧ! ವೈಫೈ ಇರುವ ಬೋರ್ಡ್ ಒಂದೊಂದು ಸಲ ಇದಕ್ಕಿಂತ ಜಾಸ್ತಿ ಎಳೆಯುತ್ತದೆ, ಅದೂ ತುಂಡು ತುಂಡಾಗಿ. ಹೋಗುವ ವೈರು, ಬರುವ ವೈರು ಎರಡನ್ನೂ ಒಂದಕ್ಕೊಂದು ಹೊಸೆದರೆ ಎರಡರ ಕ್ಷೇತ್ರ ಪರಸ್ಪರ ಕಳೆದುಕೊಳ್ಳುತ್ತದೆ. ನಾನು ನೆಟ್‌ವರ್ಕ್ ಕೇಬಲ್ ಬಳಸಿದೆ, ಅದರಲ್ಲಿ ಜೋಡಿಗಳು ಹೊಸೆದೇ ಬಂದಿರುತ್ತವೆ. ಚಿಪ್ಪುಗಳು ಮಾತಾಡಿಕೊಳ್ಳುವ ಐ2ಸಿ ಸಂಪರ್ಕ ಅಷ್ಟು ದೂರ ಹೋಗುವುದಿಲ್ಲ, ವೈರಿನ ಕೆಪಾಸಿಟೆನ್ಸ್ 400 ಪಿಕೊಫ್ಯಾರಡ್ ದಾಟಿದರೆ ಸಿಗ್ನಲ್ ಸೊರಗುತ್ತದೆ. ಎರಡೂ ತುದಿಗೆ ಪಿಸಿಎ9615 ಚಿಪ್ ಹಾಕಿ ಡಿಫರೆನ್ಷಿಯಲ್ (ಒಂದು ಸಿಗ್ನಲ್ಲಿಗೆ ಒಂದು ಜೋಡಿ ವೈರು) ಮಾಡಿಕೊಂಡೆ. ಕಂಪ್ಯೂಟರ್, ವಿದ್ಯುತ್ ಸರಬರಾಜು ಎಲ್ಲ ಕೇಬಲ್ಲಿನ ಈಚೆ ತುದಿಯಲ್ಲಿ.

ಜಾಗ ಮತ್ತು ಗುಂಡಿ

ಒಂದು ಮರದ ಕೋಲಿನ ತುದಿಗೆ ಸೆನ್ಸರ್ ಕಟ್ಟಿ ಜಾಗವೆಲ್ಲ ಓಡಾಡಿದೆ. ಒಂದು ಹೆಜ್ಜೆ ಸರಿದರೆ ಒಟ್ಟು ಕ್ಷೇತ್ರ ನೂರಾರು ಬದಲಾಗುವ ಕಡೆ ಕೆಳಗೆ ಕಬ್ಬಿಣ ಇದೆ ಅಂತ ಅರ್ಥ. ಕಾಂಕ್ರೀಟಿನ ಸರಳು, ಹಳೆಯ ಪೈಪು, ಬೇಲಿಯ ಕಂಬ. ಕಬ್ಬಿಣ ಅಲುಗದೆ ಇದ್ದರೆ ಅಷ್ಟು ಚಿಂತೆಯಿಲ್ಲ, ಅದು ಒಂದು ಸ್ಥಿರ ಸಂಖ್ಯೆ ಸೇರಿಸುತ್ತದೆ ಅಷ್ಟೇ. ಆದರೆ ಬಿಸಿಲಿಗೆ ಕಾದು ತಣಿಯುವ ಕಬ್ಬಿಣ ಅಷ್ಟು ಸ್ಥಿರವೂ ಅಲ್ಲ. ಚಲಿಸುವ ಕಬ್ಬಿಣ ಇನ್ನೂ ಕೆಟ್ಟದ್ದು. ಸಮಾಧಾನ ಏನೆಂದರೆ ಅದರ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಬೀಳುತ್ತದೆ. 10 ಮೀಟರ್‌ನಲ್ಲಿ 10 ನ್ಯಾನೊಟೆಸ್ಲಾ ತೋರಿಸುವ ಗಾಡಿ 20 ಮೀಟರ್‌ನಲ್ಲಿ ಒಂದೂಕಾಲು ಮಾತ್ರ. ದೂರಕ್ಕಿಂತ ದೊಡ್ಡ ಫಿಲ್ಟರ್ ಇಲ್ಲ.

ದೊಡ್ಡವರಿಗೂ ಇದೇ ಪಾಡು. ಮುಂಬಯಿಯ ಕೊಲಾಬಾದಲ್ಲಿ 1840ರ ದಶಕದಿಂದ ಕಾಂತ ಅಳತೆ ನಡೆಯುತ್ತಿತ್ತು. ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಅಂತಾದಾಗ ಆ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು. 1904ರಿಂದ ಅಲ್ಲಿ ದಾಖಲೆ ಶುರುವಾಯಿತು. ಹಳೆಯ ಸರಣಿ ಹೊಸದಕ್ಕೆ ಕೂಡಿಕೊಳ್ಳಲಿ ಅಂತ ಸ್ವಲ್ಪ ಕಾಲ ಎರಡೂ ಕಡೆ ಒಟ್ಟಿಗೆ ಅಳೆದರು. ಜಪಾನಿನ ಕಕಿಯೋಕಾದಲ್ಲಿ ವೀಕ್ಷಣಾಲಯ ಜಾಗ ಬಿಡಲಿಲ್ಲ, ರೈಲೇ ಬಗ್ಗಿತು. ಟೋಕಿಯೊದಿಂದ ಹೊರಡುವ ತ್ಸುಕುಬಾ ಎಕ್ಸ್‌ಪ್ರೆಸ್ ಮೊರಿಯಾ ನಿಲ್ದಾಣದ ತನಕ ಡಿಸಿ ಕರೆಂಟಿನಲ್ಲಿ ಓಡಿ, ಅಲ್ಲಿಂದ ಮುಂದೆ ಎಸಿಗೆ ಬದಲಾಗುತ್ತದೆ. ನೆಲಕ್ಕೆ ಸೋರುವ ಡಿಸಿ ಕರೆಂಟು ಅಳತೆಯನ್ನು ಕೆಡಿಸುತ್ತದೆ ಅನ್ನುವುದೇ ಕಾರಣ.

ಗುಂಡಿ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಆಳ. ಹಗಲು-ರಾತ್ರಿಯ ಬಿಸಿ ಮಣ್ಣಿನಲ್ಲಿ ಬೇಗ ಸಾಯುತ್ತದೆ, ಅರ್ಧ ಮೀಟರ್ ದಾಟಿದರೆ ಅದರ ಸುಳಿವೇ ಇರುವುದಿಲ್ಲ ಅನ್ನಬಹುದು. ಒಳಗೆ ನಿಲ್ಲಿಸಿದ್ದು 110 ಮಿಲಿಮೀಟರಿನ ಪಿವಿಸಿ ಪೈಪು, ಕೆಳತುದಿಗೆ ಅಂಟಿಸಿದ ಮುಚ್ಚಳ. ಸೆನ್ಸರ್ ಒಂದು ಅಕ್ರಿಲಿಕ್ ಪಟ್ಟಿಯ ತುದಿಯಲ್ಲಿ ಕೂತು ತಳಕ್ಕೆ ಇಳಿಯುತ್ತದೆ.

ಪೈಪಿನ ಸುತ್ತ ತೋಡಿದ ಮಣ್ಣನ್ನೇ ಸುಮ್ನೆ ತುಂಬಬೇಡಿ. ಮಳೆ ಬಿದ್ದು ಮಣ್ಣು ಕೂತಾಗ ಪೈಪು ವಾಲುತ್ತದೆ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ವಾಲಿದರೂ ಸಾಕು. ಲಂಬ ಕ್ಷೇತ್ರ 20,000 ಇದ್ದರೆ ಅದರಲ್ಲಿ ಸುಮಾರು 6 ನ್ಯಾನೊಟೆಸ್ಲಾ ಅಡ್ಡ ಅಕ್ಷಕ್ಕೆ ಸೋರಿಬಿಡುತ್ತದೆ. ನಾನು ಮರಳು ಹಾಕಿ ನೀರು ಬಿಟ್ಟು ಕುಟ್ಟಿ ಕೂರಿಸಿದೆ. ಮರಳಲ್ಲಿ ಕಪ್ಪು ಕಣ ಜಾಸ್ತಿ ಇದ್ದರೆ ಒಂದು ಅಯಸ್ಕಾಂತ ಆಡಿಸಿ ನೋಡಿ. ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್, ಬೇರೆ ಮರಳು ತನ್ನಿ.

ಕೂರಿಸಿದ ಮೇಲೆ ಪಟ್ಟಿಯನ್ನು ನಿಧಾನವಾಗಿ ತಿರುಗಿಸುತ್ತ ಎರಡನೇ ಅಕ್ಷ ಸೊನ್ನೆ ತೋರಿಸುವಲ್ಲಿ ಗಟ್ಟಿ ಮಾಡಿದೆ. ಆಗ ಮೊದಲ ಅಕ್ಷಕ್ಕೆ ಅಡ್ಡ ಕ್ಷೇತ್ರ ಪೂರ್ತಿ ಸಿಗುತ್ತದೆ. ಅದನ್ನು ಎಚ್ ಅನ್ನುತ್ತಾರೆ. ಎರಡನೆಯದು ಸೊನ್ನೆಯಿಂದ ಆಚೀಚೆ ಹೋಗುವಷ್ಟೂ ದಿಕ್ಕಿನ ಬದಲಾವಣೆ. ಮೂರನೆಯದು ಲಂಬ.

ಭೂಮಿಯೋ, ಬಿಸಿಯೋ

ಮೊದಲ ಗ್ರಾಫ್ ಚೆಂದವಾಗಿ ಬಂತು. ಬೆಳಗ್ಗೆ ಎಚ್ ಏರಿತು, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ ಸಂಜೆಗೆ ಇಳಿಯಿತು. ಇದನ್ನು ನೋಡಿ ಖುಷಿಪಡುವ ಮೊದಲು ಸ್ವಲ್ಪ ತಡೆಯಬೇಕು. ಹಗಲು ಏರಿ ರಾತ್ರಿ ಇಳಿಯುವುದು ಕಾಂತಕ್ಷೇತ್ರ ಒಂದೇ ಅಲ್ಲ. ಥರ್ಮಾಮೀಟರೂ ಹಾಗೇ ಮಾಡುತ್ತದೆ.

ಹಗಲಿನ ಈ ಅಲೆ ಹುಟ್ಟುವುದು ನೆಲದಿಂದ ಸುಮಾರು 110 ಕಿಲೋಮೀಟರ್ ಮೇಲೆ. ಸೂರ್ಯನ ಬಿಸಿಲು ಅಲ್ಲಿಯ ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕೀಳುತ್ತದೆ. ಮೇಲಿನ ಗಾಳಿ ಬೀಸಿ ಅವನ್ನು ಭೂಕಾಂತ ಕ್ಷೇತ್ರಕ್ಕೆ ಅಡ್ಡವಾಗಿ ತಳ್ಳಿದಾಗ ಕರೆಂಟು ಹರಿಯುತ್ತದೆ. ಜನರೇಟರಿನ ಕೆಲಸವೇ ಅದು. ಸೂರ್ಯ ಮುಳುಗಿದ ಮೇಲೆ ಎಲೆಕ್ಟ್ರಾನ್‌ಗಳು ಮತ್ತೆ ಕಣಗಳಿಗೆ ಸೇರಿಕೊಂಡು ಆ ಕರೆಂಟು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಕಾಂತ ಸಮಭಾಜಕದ ಹತ್ತಿರ ಇದೇ ಕರೆಂಟು ಒಂದು ತೆಳು ಪಟ್ಟಿಯಾಗಿ ಬಲವಾಗಿ ಹರಿಯುವುದರಿಂದ ಅಲ್ಲಿ ಹಗಲಿನ ಏರಿಕೆ ಬಹಳ ದೊಡ್ಡದು. 1722ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ದಿಕ್ಸೂಚಿಯ ಸೂಜಿ ದಿನದಲ್ಲಿ ಅತ್ತಿತ್ತ ಓಲಾಡುವುದನ್ನು ಗುರುತಿಸಿದ. ಅವನು ಕಂಡದ್ದು ಈ ಕರೆಂಟನ್ನೇ.

ಇಲ್ಲಿ ಎರಡನ್ನೂ ಬೇರ್ಪಡಿಸುವ ದಾರಿ ಸಿಗುತ್ತದೆ. ಮೇಲಿನ ಕರೆಂಟು ರಾತ್ರಿ ಹೆಚ್ಚುಕಮ್ಮಿ ಇರುವುದಿಲ್ಲ, ಆದ್ದರಿಂದ ಶಾಂತ ರಾತ್ರಿಯಲ್ಲಿ ಎಚ್ ಗೆರೆ ಹೆಚ್ಚುಕಮ್ಮಿ ಮಟ್ಟವಾಗಿರಬೇಕು. ಪೆಟ್ಟಿಗೆ ಮಾತ್ರ ರಾತ್ರಿಯಿಡೀ ತಣಿಯುತ್ತಲೇ ಇರುತ್ತದೆ. ರಾತ್ರಿಯೂ ಗೆರೆ ಒಂದೇ ಸಮನೆ ಇಳಿಯುತ್ತಿದ್ದರೆ ಅದು ಬಿಸಿಯ ಆಟ. ತುದಿ ಮುಟ್ಟುವ ಹೊತ್ತೂ ಬೇರೆ. ಕಡಿಮೆ ಅಕ್ಷಾಂಶಗಳಲ್ಲಿ ಎಚ್ ತುದಿ ಮುಟ್ಟುವುದು ಸೂರ್ಯ ನೆತ್ತಿಗೆ ಬರುವುದಕ್ಕೆ ಸ್ವಲ್ಪ ಮುಂಚೆ, 11 ಗಂಟೆ ಆಸುಪಾಸು. ಗಾಳಿಯ ಬಿಸಿ ತುದಿ ಮುಟ್ಟುವುದು ಅದಾಗಿ ಎರಡು ಮೂರು ಗಂಟೆಗೆ, ಮಣ್ಣೊಳಗೆ ಇನ್ನೂ ತಡ.

ನನ್ನ ಗೆರೆಯಲ್ಲಿ ಎರಡೂ ಬೆರೆತಿದ್ದವು. ತುದಿ ಒಂದು ಗಂಟೆ ದಾಟಿ ಬರುತ್ತಿತ್ತು, ರಾತ್ರಿಯ ಭಾಗ ಇಳಿಜಾರಾಗಿತ್ತು. ಡಿಗ್ರಿಗೆ ಬರೀ 5 ನ್ಯಾನೊಟೆಸ್ಲಾ ಜರುಗುವ ಸೆನ್ಸರ್ ಆದರೂ 4 ಡಿಗ್ರಿ ಬದಲಾದರೆ 20 ಆಯಿತು. ಬಿಸಿ ಇಳಿಯುತ್ತಿದ್ದದ್ದು ಪೈಪಿನ ಬಾಯಿಂದ. ಪೈಪೊಳಗಿನ ಗಾಳಿ ಒಂದೇ ಕಂಬದ ಹಾಗೆ ತಳದವರೆಗೂ ಇತ್ತು. ಥರ್ಮೋಕೋಲನ್ನು ಪೈಪಿನ ಒಳಗಾತ್ರಕ್ಕೆ ಬಿಲ್ಲೆಗಳಾಗಿ ಕತ್ತರಿಸಿ, ಕೇಬಲ್‌ಗೆ ಕಚ್ಚು ಮಾಡಿ, ಒಂದರ ಮೇಲೊಂದು ತುಂಬಿದೆ. ಮೇಲೆ ಮುಚ್ಚಳ, ಅದರ ಮೇಲೆ ಬಿಳಿ ಬಣ್ಣ ಬಳಿದ ಮರದ ಹಲಗೆಯ ನೆರಳು. ದಿನದ ಬಿಸಿಯ ಏರಿಳಿತ ಡಿಗ್ರಿಯ ಸಣ್ಣ ಪಾಲಿಗೆ ಇಳಿಯಿತು. ಎಚ್ ಗೆರೆಯ ತುದಿ ತಾನಾಗಿಯೇ ಹಿಂದೆ ಸರಿದು ಮಧ್ಯಾಹ್ನಕ್ಕೂ ಮುಂಚೆ ಬಂದು ಕೂತಿತು. ರಾತ್ರಿಯ ಭಾಗ ಮಟ್ಟವಾಯಿತು.

ಉಳಿದ ಚೂರುಪಾರನ್ನು ಲೆಕ್ಕದಲ್ಲಿ ತೆಗೆಯಬಹುದು. ಆದರೆ ರಾತ್ರಿಯ ದತ್ತಾಂಶ ಮಾತ್ರ ತೆಗೆದುಕೊಂಡು ಡಿಗ್ರಿಗೆ ಎಷ್ಟು ಅಂತ ಕಂಡುಹಿಡಿಯಿರಿ. ಹಗಲಿನದ್ದೂ ಸೇರಿಸಿದರೆ ಗಣಿತ ಭೂಮಿಯ ಅಲೆಯನ್ನೂ ಬಿಸಿ ಅಂತಲೇ ತಿಳಿದು ಅಳಿಸಿಹಾಕುತ್ತದೆ. ಕೊನೆಗೆ ಉಳಿಯುವುದು ಅಚ್ಚುಕಟ್ಟಾದ ಖಾಲಿ ಗೆರೆ.

ಸ್ಕೇಲು ಸರಿಯಿದೆಯೇ

20 ಅಂತ ತೋರಿಸಿದ್ದು ನಿಜವಾಗಿ 20 ಹೌದಾ ಅಂತ ನೋಡಲು, ಲೆಕ್ಕ ಹಾಕಿದಷ್ಟೇ ಕ್ಷೇತ್ರ ಹುಟ್ಟಿಸುವ ಹೆಲ್ಮ್‌ಹೋಲ್ಟ್ಜ್ ಕಾಯಿಲ್ ಸುತ್ತಿಕೊಂಡೆ. ಪ್ಲೈವುಡ್‌ನ ಎರಡು ಬಳೆ, ತ್ರಿಜ್ಯ 20 ಸೆಂಟಿಮೀಟರ್, ನಡುವಿನ ಅಂತರವೂ ಅಷ್ಟೇ, ಒಂದೊಂದಕ್ಕೂ 10 ಸುತ್ತು ತಾಮ್ರದ ತಂತಿ. 1 ಮಿಲಿಆಂಪಿಯರ್ ಹರಿಸಿದರೆ ನಡುವಿನಲ್ಲಿ 45 ನ್ಯಾನೊಟೆಸ್ಲಾ. ಒಂಬತ್ತು ವೋಲ್ಟಿನ ಬ್ಯಾಟರಿ, ಸರಣಿಯಲ್ಲಿ ಒಂದು ದೊಡ್ಡ ರೆಸಿಸ್ಟರ್, ಮಲ್ಟಿಮೀಟರ್, ಎಲ್ಲವೂ ದೂರದಲ್ಲಿ. ಐದು ನಿಮಿಷ ಹಾಕಿ, ಐದು ನಿಮಿಷ ತೆಗೆಯುವುದು. ಇದನ್ನು ರಾತ್ರಿ ಹೊತ್ತು ಮಾಡಿ, ಭೂಮಿ ಮಧ್ಯೆ ಕೈ ಹಾಕುವುದಿಲ್ಲ. ಗ್ರಾಫ್‌ನಲ್ಲಿ ಚೌಕ ಚೌಕವಾದ ಮೆಟ್ಟಿಲು ಬರುತ್ತದೆ, ಅದರ ಎತ್ತರ ಲೆಕ್ಕಕ್ಕೆ ಹೊಂದಬೇಕು. ಗುಂಡಿಗೆ ಇಳಿಸುವ ಮೊದಲೇ ಮಾಡಿಕೊಂಡರೆ ಸಲೀಸು.

ಕೊನೆಯ ಪರೀಕ್ಷೆ ವೀಕ್ಷಣಾಲಯದ ದಾಖಲೆ. ಇಂಟರ್‌ಮ್ಯಾಗ್ನೆಟ್ ಜಾಲದಲ್ಲಿರುವ ವೀಕ್ಷಣಾಲಯಗಳ ನಿಮಿಷ ನಿಮಿಷದ ಅಳತೆ ಎಲ್ಲರಿಗೂ ಸಿಗುತ್ತದೆ. ಹತ್ತಿರದ ಒಂದನ್ನು ಇಳಿಸಿಕೊಂಡು ಎರಡೂ ಗೆರೆಗಳನ್ನು ಒಂದರ ಮೇಲೊಂದು ಹಾಕಿ. ಇದಕ್ಕಾಗಿ ನಿಮ್ಮ ಸಮಯ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಇರಲಿ. ಒಟ್ಟು ಬೆಲೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅಲೆಯ ಆಕಾರ, ಸಣ್ಣ ಸಣ್ಣ ಕುಲುಕಾಟಗಳ ಹೊತ್ತು ಹೊಂದಿದರೆ ಆಯಿತು. ಅವರಲ್ಲಿಲ್ಲದೆ ನಿಮ್ಮಲ್ಲಿ ಮಾತ್ರ ಇರುವ ನೆಗೆತವೆಲ್ಲ ಗಾಡಿ, ಗೇಟು, ಗುದ್ದಲಿ.

ಹೊಂದುತ್ತದೆ ಅಂತ ಗಟ್ಟಿಯಾದ ಮೇಲೆ ಒಂದು ಸಾಧಾರಣ ಕಾಂತ ಬಿರುಗಾಳಿ ಬಂತು. ಎಚ್ ಗೆರೆ ಎರಡು ಮೂರು ನಿಮಿಷದಲ್ಲಿ ಥಟ್ಟನೆ ಮೇಲಕ್ಕೆ ನೆಗೆಯಿತು. ಸೌರ ಮಾರುತದ ಆಘಾತ ಬಂದು ಬಡಿದು ಭೂಮಿಯ ಕಾಂತಗೋಳವನ್ನು ಹಿಂಡಿದಾಗ ಹೀಗಾಗುತ್ತದೆ. ಆಮೇಲೆ ಗಂಟೆಗಟ್ಟಲೆ ಕುಸಿತ. ಭೂಮಿಯ ಸುತ್ತ ದೂರದಲ್ಲಿ ಪಶ್ಚಿಮಕ್ಕೆ ಹರಿಯುವ ಉಂಗುರದ ಕರೆಂಟು ಬಲವಾಗಿ, ಅದರ ಕ್ಷೇತ್ರ ಎಚ್‌ಗೆ ವಿರುದ್ಧ ನಿಲ್ಲುತ್ತದೆ. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ದಿನಗಳೇ ಬೇಕು. ಉಷ್ಣತೆಯ ಗೆರೆಯಲ್ಲಿ ಆಗ ಏನೂ ಇರಲಿಲ್ಲ, ವೀಕ್ಷಣಾಲಯದ ಗೆರೆಯಲ್ಲಿ ಅದೇ ನಿಮಿಷಕ್ಕೆ ಅದೇ ನೆಗೆತ ಇತ್ತು.

ಅಂದಾಜಿಗೆ ಹೇಳುವುದಾದರೆ, 2024ರ ಮೇ 10–11ರ ದೊಡ್ಡ ಬಿರುಗಾಳಿಯಲ್ಲಿ ಡಿಎಸ್‌ಟಿ ಸೂಚ್ಯಂಕ (ಬಿರುಗಾಳಿಯ ಬಲ ಹೇಳುವ ಅಳತೆ) ಸುಮಾರು 400 ನ್ಯಾನೊಟೆಸ್ಲಾ ಕೆಳಗಿಳಿದಿತ್ತು. 1989ರ ಮಾರ್ಚ್‌ನಲ್ಲಿ ಕ್ವಿಬೆಕ್‌ನ ವಿದ್ಯುತ್ ಜಾಲ ಮಲಗಿಸಿದ ಬಿರುಗಾಳಿಯಲ್ಲಿ 589. ಇನ್ನು 1859ರ ಸೆಪ್ಟೆಂಬರ್ 2ರಂದು ಅದೇ ಕೊಲಾಬಾದಲ್ಲಿ ಎಚ್ ಸುಮಾರು 1,600 ಕುಸಿದದ್ದು ದಾಖಲಾಗಿದೆ. ಅದನ್ನು ನೋಡಲು ಜಾಡಿಯೂ ಸಾಕಾಗುತ್ತಿತ್ತು.

ಈಗ ಬಾಕಿ ಇರುವುದು ನಿಜವಾದ ಒಟ್ಟು ಬೆಲೆ. ಆರ್‌ಎಂ3100 ಏರಿಳಿತವನ್ನು ಚೆನ್ನಾಗಿ ಹೇಳುತ್ತದೆ, ಆದರೆ ಅದರ ಸೊನ್ನೆ ತಿಂಗಳುಗಳಲ್ಲಿ ಎಲ್ಲಿಗೆ ತೇಲುತ್ತದೆ ಅಂತ ಅದಕ್ಕೇ ಗೊತ್ತಿಲ್ಲ. ಅದಕ್ಕೆ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಬೇಕು. ಬಾಟಲಿ ನೀರಿಗೆ ಕಾಯಿಲ್ ಸುತ್ತಿ, ಬಲವಾದ ಕರೆಂಟು ಕೊಟ್ಟು ಫಟ್ಟನೆ ಕತ್ತರಿಸಿದರೆ ನೀರಿನ ಪ್ರೋಟಾನ್‌ಗಳು ಭೂಮಿಯ ಕ್ಷೇತ್ರದ ಸುತ್ತ ತಿರುಗುತ್ತ ಒಂದು ಕ್ಷೀಣ ಸ್ವರ ಹೊರಡಿಸುತ್ತವೆ. 40,000 ನ್ಯಾನೊಟೆಸ್ಲಾಗೆ 1,703 ಹರ್ಟ್ಜ್. ಈ ಅನುಪಾತ ಪ್ರೋಟಾನಿನ ಹುಟ್ಟುಗುಣ, ಬಿಸಿ ತಟ್ಟಿದರೂ ಪೈಪು ವಾಲಿದರೂ ಬದಲಾಗುವುದಿಲ್ಲ. ಬಾಟಲಿಗೆ ತಂತಿ ಸುತ್ತಿ ಆಗಿದೆ. ಕರೆಂಟು ಕತ್ತರಿಸಿದ ಕೂಡಲೇ ಆ ಮೈಕ್ರೊವೋಲ್ಟಿನಷ್ಟು ಸಣ್ಣ ಸಿಗ್ನಲ್ಲನ್ನು ಹಿಡಿಯುವ ಆಂಪ್ಲಿಫೈಯರ್ ಇನ್ನೂ ಬೋರ್ಡಿನ ಮೇಲೇ ಇದೆ. ಸದ್ಯಕ್ಕೆ ಅದಕ್ಕೆ ಕೇಳಿಸುತ್ತಿರುವುದು ಕರೆಂಟು ಲೈನಿನ 50 ಹರ್ಟ್ಜ್ ಗುಂಯ್‌ಗುಟ್ಟುವಿಕೆ ಮಾತ್ರ. ಒಂದು ಕಾಯಿಲ್ ಬದಲು ಉಲ್ಟಾ ಸುತ್ತಿದ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಹಾಕಿ, ಹೊರಗಿನ ಗದ್ದಲ ಒಂದನ್ನೊಂದು ಕಳೆದುಕೊಳ್ಳುವಂತೆ ಮಾಡುವುದು ಮುಂದಿನ ಕೆಲಸ.